ಬಿಸಿಲಿಗೂ ಪಹಣಿ

ನಮ್ಮ ಮನೆಯ ತಾರಸಿಯ ಮೇಲೆ ಆರು ಸೋಲಾರ್ ಫಲಕಗಳಿವೆ. ಹದಿನೈದು ದಿನಕ್ಕೊಮ್ಮೆ ಅವುಗಳ ದೂಳು ಒರೆಸಬೇಕು. ತುಮಕೂರಿನ ಬೇಸಿಗೆಯಲ್ಲಿ ಒಂದು ತಿಂಗಳು ಹಾಗೇ ಬಿಟ್ಟರೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ದೂಳು ಕೂರುತ್ತದೆ. ದೂಳು ಕೂತಷ್ಟೂ ಕರೆಂಟು ಇಳಿಯುತ್ತದೆ. ನನಗೆ ಮಂಡಿನೋವು. ಹಾಗಾಗಿ ಆ ಕೆಲಸ ಮಾಡುವವರು ನಮ್ಮ ಮನೆಗೆ ಕಸ ಮುಸುರೆಗೆ ಬರುವ ಅಕ್ಕ. ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ಹಾಗೆ ಒರೆಸುತ್ತಾ ಕೇಳಿದರು: "ಇದಕ್ಕೆ ಸರ್ಕಾರದೋರು ದುಡ್ಡು ಕೊಡ್ತಾರಂತಲ್ಲ ಮೇಡಂ, ನಮ್ಗೂ ಕೊಡ್ತಾರಾ?"

"ಓ, ಎಲ್ಲರಿಗೂ ಕೊಡ್ತಾರೆ. ವಿಚಾರಿಸಿ ಹೇಳ್ತೀನಿ" ಎಂದೆ. ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ನನಗೆ ಸಿಕ್ಕಿದ್ದು ಸುಲಭವಾಗಿ ಸಿಕ್ಕಿತ್ತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆಯನ್ನು ಪ್ರಕಟಿಸಿತು. ಒಂದು ಕೋಟಿ ಮನೆಗಳ ಮಾಡಿನ ಮೇಲೆ ಸೌರಫಲಕ ಕೂರಿಸುವುದು ಗುರಿ, ಅದಕ್ಕೆ 75,021 ಕೋಟಿ ರೂಪಾಯಿ. ಒಂದು ಕಿಲೋವ್ಯಾಟ್ ಹಾಕಿಸಿದರೆ 30,000 ರೂಪಾಯಿ ಸಹಾಯಧನ, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000. ನಾನು ಮೂರು ಹಾಕಿಸಿದೆ. ಒಂದೂ ಮುಕ್ಕಾಲು ಲಕ್ಷಕ್ಕೂ ತುಸು ಹೆಚ್ಚು ಖರ್ಚಾಯಿತು, 78,000 ಬ್ಯಾಂಕಿನ ಖಾತೆಗೆ ಬಂದು ಬಿತ್ತು. ಎರಡು ಸಾವಿರದ ಆಸುಪಾಸಿನಲ್ಲಿದ್ದ ತಿಂಗಳ ಬಿಲ್ಲು ಈಗ ನಿಗದಿತ ಶುಲ್ಕಕ್ಕೆ ಇಳಿದಿದೆ. ಹಾಕಿದ ಹಣ ನಾಲ್ಕೈದು ವರ್ಷದಲ್ಲಿ ವಾಪಸು ಬರುತ್ತದೆ. ಫಲಕಗಳ ಆಯಸ್ಸು ಇಪ್ಪತ್ತೈದು ವರ್ಷ. ಉಳಿದ ಇಪ್ಪತ್ತು ವರ್ಷ ಸೂರ್ಯ ನನಗಾಗಿ ಪುಕ್ಕಟೆ ದುಡಿಯುತ್ತಾನೆ.

ಅಕ್ಕ ಇರುವುದು ಒಂದು ವಠಾರದಲ್ಲಿ. ಸಾಲಾಗಿ ನಾಲ್ಕು ಕೋಣೆ, ನಾಲ್ಕು ಸಂಸಾರ, ಮೇಲೆ ಸಿಮೆಂಟ್ ಶೀಟು. ಮೀಟರು ಒಂದೇ, ಅದೂ ಮಾಲೀಕರ ಹೆಸರಿನಲ್ಲಿ. ಯೋಜನೆಯ ಷರತ್ತುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಮನೆ ಸ್ವಂತದ್ದಾಗಿರಬೇಕು. ಮಾಡು ಫಲಕ ಕೂರಿಸಲು ತಕ್ಕದ್ದಾಗಿರಬೇಕು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ವಿದ್ಯುತ್ ಸಂಪರ್ಕವಿರಬೇಕು. ಸಹಾಯಧನ ಬರುವುದು ಫಲಕ ಕೂರಿಸಿ, ಪರೀಕ್ಷೆಯಾಗಿ, ಕರೆಂಟು ಹರಿಯಲು ಶುರುವಾದ ಮೇಲೆ. ಅಂದರೆ ಮೊದಲು ಕೈಯಿಂದ ಹಾಕಬೇಕು, ಇಲ್ಲವೇ ಸಾಲ ಮಾಡಬೇಕು.

ಒಂದು ಷರತ್ತಿನಲ್ಲೂ ನನಗೆ ತಪ್ಪು ಕಾಣಲಿಲ್ಲ. ಬಾಡಿಗೆ ಮನೆಯ ಮೇಲೆ ಬಾಡಿಗೆದಾರ ಇಪ್ಪತ್ತೈದು ವರ್ಷದ ಸಾಮಾನು ಕೂರಿಸುವುದು ಹೇಗೆ? ಸಿಮೆಂಟ್ ಶೀಟು ಆ ಭಾರ, ಆ ಗಾಳಿಯ ಹೊಡೆತ ತಾಳುವುದು ಹೇಗೆ? ಕೂರಿಸುವ ಮೊದಲೇ ಹಣ ಕೊಟ್ಟರೆ ಮೋಸಕ್ಕೆ ದಾರಿಯಾಗುವುದಿಲ್ಲವೇ? ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಾನು ಆ ಪೂಜಾರಿಗಾಗಿ ಹುಡುಕಿದೆ. ಯಾರೂ ಸಿಗಲಿಲ್ಲ. ಲಂಚ ಕೇಳಿದವರಿಲ್ಲ, ಜಾತಿ ಕೇಳಿದವರಿಲ್ಲ, ಕಡತ ಮುಚ್ಚಿಟ್ಟವರಿಲ್ಲ. ಎಲ್ಲವೂ ನ್ಯಾಯವಾಗಿಯೇ ಇತ್ತು. ಆದರೂ ಎಲ್ಲ ಕೂಡಿಸಿ ನೋಡಿದಾಗ, ಕಾರಿಟ್ಟುಕೊಂಡ ನನಗೆ 78,000 ರೂಪಾಯಿ ಬಂದಿತ್ತು. ಅಕ್ಕ ಅರ್ಜಿ ಹಾಕುವ ಜಾಗದಲ್ಲೂ ಇರಲಿಲ್ಲ.

ಮಾರನೆಯ ದಿನ ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ನಕ್ಕರು. "ಅಂದ್ರೆ ಬಿಸಿಲಿಗೂ ಪಹಣಿ ಕೇಳ್ತಾರೆ ಅನ್ನಿ. ನಮ್ಮೂರಲ್ಲೂ ಹಂಗೇ ಆಯ್ತು."

ಅವರ ಊರು ಪಾವಗಡ ತಾಲ್ಲೂಕಿನಲ್ಲಿ. ಮಾತಿನ ನಡುವೆ ತೆಲುಗು ನುಸುಳುವುದು ಅದಕ್ಕೇ. ತಿರುಮಣಿ, ವಳ್ಳೂರು, ಬಾಲಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ ಸೌರ ಪಾರ್ಕಿನ ಬಗ್ಗೆ ಕೇಳದ ಕನ್ನಡಿಗರು ಕಡಿಮೆ. 2,050 ಮೆಗಾವ್ಯಾಟ್ ಸಾಮರ್ಥ್ಯ, ಜಗತ್ತಿನ ದೊಡ್ಡ ಸೌರ ಪಾರ್ಕುಗಳಲ್ಲಿ ಒಂದು. ಅಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಕೈಕೊಟ್ಟು ಶೇಂಗಾ ಒಣಗಿ ನಿಂತ ವರ್ಷಗಳನ್ನು ಸಾಲುಸಾಲಾಗಿ ಕಂಡ ತಾಲ್ಲೂಕಿಗೆ ಇದು ಸಣ್ಣ ಮಾತಲ್ಲ. ಹತ್ತೆಕರೆ ಒಣಭೂಮಿ ಇದ್ದವರ ಮನೆಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ ಬಂತು. ಜಮೀನು ಕಿತ್ತುಕೊಳ್ಳದೆ, ಹೆಸರು ಅವರದ್ದೇ ಉಳಿಸಿ ಮಾಡಿದ ಏರ್ಪಾಡು ಎಂದು ಅದನ್ನು ಮೆಚ್ಚಿದವರಲ್ಲಿ ನಾನೂ ಒಬ್ಬ ಪ್ರಾಣಿ. ತರಗತಿಯಲ್ಲಿ ಮಕ್ಕಳಿಗೆ ಹೇಳಿದ್ದೂ ಉಂಟು.

ಅಕ್ಕನ ಮನೆಯವರಿಗೆ ಜಮೀನಿರಲಿಲ್ಲ. ಅವರಿವರ ಹೊಲದಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು, ಬಿಡಿಸಿ ಬದುಕಿದವರು. ಗುತ್ತಿಗೆ ಹಣ ಪಹಣಿ ಯಾರ ಹೆಸರಿನಲ್ಲಿತ್ತೋ ಅವರಿಗೆ ಬಂತು. ಅದು ಸರಿಯೇ. ಆದರೆ ಹೊಲ ಹೋದಾಗ ಹೊಲದ ಕೂಲಿಯೂ ಹೋಯಿತು, ಕುರಿ ಮೇಯುವ ಬಯಲೂ ಬೇಲಿಯ ಒಳಗೆ ಸೇರಿತು. ಪಾರ್ಕಿನಲ್ಲಿ ಕಾವಲು, ಹುಲ್ಲು ತೆಗೆಯುವುದು, ಫಲಕ ತೊಳೆಯುವುದು ಹೀಗೆ ಸ್ವಲ್ಪ ಕೆಲಸ ಹುಟ್ಟಿತು. ಹೋದ ಕೂಲಿಯ ಲೆಕ್ಕಕ್ಕೆ ಅದು ಸಾಲಲಿಲ್ಲ. ಅಕ್ಕ ಮತ್ತು ಅವರ ಗಂಡ ತುಮಕೂರಿನ ಬಸ್ಸು ಹತ್ತಿದರು. "ಅಲ್ಲಿದ್ದಿದ್ರೂ ಇದೇ ಒರೆಸೋ ಕೆಲ್ಸ ಸಿಗ್ತಿತ್ತು ಬಿಡಿ" ಎಂದು ನನ್ನ ಫಲಕದ ಕಡೆ ಬಟ್ಟೆ ಬೀಸಿದರು.

ಅವತ್ತಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ನಾನು ಚಿಕ್ಕಂದಿನಲ್ಲಿ ಕಂಡ ಬಿಸಿಲು ಯಾರದ್ದೂ ಆಗಿರಲಿಲ್ಲ. ಸಂಡಿಗೆ ಒಣಗಿಸಲು ಪಕ್ಕದ ಮನೆಯ ಅಂಗಳಕ್ಕೆ ಹೋಗುತ್ತಿದ್ದೆವು, ರಾಗಿ ಹರಡಲು ರಸ್ತೆಗೆ ಹೋಗುತ್ತಿದ್ದೆವು. ಬಿಸಿಲು ಕೊಟ್ಟಿದ್ದಕ್ಕೆ ಯಾರೂ ಬಾಡಿಗೆ ಕೇಳಲಿಲ್ಲ. ಅದರಿಂದ ಯಾರಿಗೂ ಹಣ ಹುಟ್ಟುತ್ತಿರಲಿಲ್ಲವಾದ್ದರಿಂದ ಅದರ ಒಡೆತನದ ಪ್ರಶ್ನೆಯೂ ಹುಟ್ಟಲಿಲ್ಲ. ಈಗ ಬಿಸಿಲು ಒಂದು ಬೆಳೆ. ಚದರಡಿಗೆ ಇಷ್ಟು ಎಂದು ಇಳುವರಿ ಕೊಡುತ್ತದೆ. ಬೆಳೆಯಾದ ಕ್ಷಣಕ್ಕೆ ಅದು ಆಕಾಶದ ವಸ್ತುವಾಗಿ ಉಳಿಯಲಿಲ್ಲ, ಬೀಳುವ ಜಾಗದ ವಸ್ತುವಾಯಿತು. ಜಾಗ ಯಾರದೋ ಬಿಸಿಲು ಅವರದು. ಪಾವಗಡದಲ್ಲಿ ಹೊಲ, ತುಮಕೂರಿನಲ್ಲಿ ತಾರಸಿ. ಎರಡೂ ಕಡೆ ಅಕ್ಕ ನಿಂತದ್ದು ಮೇಲ್ಮೈ ಇಲ್ಲದವರ ಸಾಲಿನಲ್ಲಿ.

ಅಮರ್ತ್ಯ ಸೇನ್ 1979ರ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ ಸಮಾನತೆ ಎಂದರೆ ಯಾವುದರ ಸಮಾನತೆ ಎಂದು ಕೇಳಿದರು. ಒಂದೇ ವಸ್ತು ಬೇರೆ ಬೇರೆ ಬದುಕುಗಳಲ್ಲಿ ಬೇರೆ ಬೇರೆ ಶಕ್ತಿಯಾಗಿ ಮಾರ್ಪಡುತ್ತದೆ, ಆದ್ದರಿಂದ ವಸ್ತುವನ್ನು ಸಮನಾಗಿ ಹಂಚಿದ ಮಾತ್ರಕ್ಕೆ ಮನುಷ್ಯರು ಸಮನಾಗುವುದಿಲ್ಲ ಎಂಬುದು ಅವರ ವಾದದ ತಿರುಳು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾಗಿದ್ದು ಮೇ ತಿಂಗಳಲ್ಲಿ ಅಕ್ಕನಿಗೆ ಜ್ವರ ಬಂದಾಗ ಅವರ ಕೋಣೆಗೆ ಹೋದ ಮಧ್ಯಾಹ್ನ. ಶೀಟಿನ ಕೆಳಗೆ ಕೂತರೆ ಕಾದ ಹೆಂಚು ತಲೆಯ ಮೇಲಿಟ್ಟಂತೆ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಅದೇ ಹೊತ್ತಿನಲ್ಲಿ, ಒಂದೂವರೆ ಕಿಲೋಮೀಟರ್ ದೂರದಲ್ಲಿ, ಅದೇ ಸೂರ್ಯ ನನ್ನ ಮೀಟರನ್ನು ಹಿಂದಕ್ಕೆ ಓಡಿಸುತ್ತಿದ್ದ. ಫಲಕಗಳ ನೆರಳು ಬಿದ್ದು ತಾರಸಿ ಕಾಯುವುದು ಕಡಿಮೆಯಾದ್ದರಿಂದ ಕೆಳಗಿನ ಕೋಣೆ ಮೊದಲಿಗಿಂತ ತಂಪಾಗಿದೆ. ಒಂದೇ ಬಿಸಿಲು ನನಗೆ ಹಣವನ್ನೂ ತಂಪನ್ನೂ ಕೊಡುತ್ತದೆ, ಅವರಿಗೆ ಜ್ವರದ ಮೇಲೆ ಸೆಕೆ ಕೊಡುತ್ತದೆ. ಬಿಸಿಲು ಪಕ್ಷಪಾತ ಮಾಡಲಿಲ್ಲ. ನಡುವೆ ಇದ್ದ ಮಾಡು ಮಾಡಿತು. ಸರ್ಕಾರದ ನೆರವು ಒಳ್ಳೆಯ ಮಾಡನ್ನು ಹುಡುಕಿಕೊಂಡು ಬಂತು.

ಇದನ್ನು ಗೆಳೆಯರೊಬ್ಬರ ಮುಂದೆ ಹೇಳಿದಾಗ ಅವರು ಮೂರು ಮಾತು ಹೇಳಿದರು. ಮೂರನ್ನೂ ತಳ್ಳಿಹಾಕುವಂತಿಲ್ಲ.

ಮೊದಲನೆಯದು, ಸೂರ್ಯ ಘರ್ ಬಡವರ ಯೋಜನೆಯೇ ಅಲ್ಲ, ಕಲ್ಲಿದ್ದಲು ಉಳಿಸುವ ಯೋಜನೆ. ಯಾರ ತಾರಸಿಯಾದರೇನು, ಉಳಿದ ಹೊಗೆ ಎಲ್ಲರಿಗೂ ಉಳಿಯಿತು. ಎರಡನೆಯದು, ಬಡವರಿಗೆ ಬೇರೆ ನೆರವಿದೆ. ಒಂದು ಕಾಲದಲ್ಲಿ ಗುಡಿಸಲಿಗೆ ಒಂದೇ ಬಲ್ಬಿನ ಭಾಗ್ಯಜ್ಯೋತಿ ಬಂತು. 2023ರಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ, ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ಮೂರನೆಯದು, ನೀನು ಅಕ್ಕನ ಜೇಬಿಗೆ ಕೈಹಾಕಿಲ್ಲ. ನಿನಗೆ ಸಿಕ್ಕಿದ್ದರಿಂದ ಅವರಿಗೆ ಕಡಿಮೆಯಾಗಲಿಲ್ಲ.

ಮೊದಲ ಮಾತನ್ನು ಒಪ್ಪುತ್ತೇನೆ. ಆದರೆ ಹೊಗೆ ಉಳಿಸುವ ಕೆಲಸಕ್ಕೆ ಕೂಲಿ ಕೊಡುವುದಾದರೆ, ಆ ಕೂಲಿ ಗಳಿಸುವ ಅವಕಾಶ ತಾರಸಿ ಇದ್ದವರಿಗೆ ಮಾತ್ರ ಏಕೆ? ಶೀಟಿನ ಮನೆಯವರು ಸುಡುವ ಕರೆಂಟೇ ಕಡಿಮೆ. ಅತಿ ಕಡಿಮೆ ಹೊಗೆ ಬಿಟ್ಟವರಿಗೆ ಯಾವ ಬಹುಮಾನವೂ ಇಲ್ಲ, ಏರ್ ಕಂಡೀಷನರ್ ಇಟ್ಟುಕೊಂಡು ಫಲಕ ಹಾಕಿಸಿದವರಿಗೆ ಸಹಾಯಧನವಿದೆ.

ಎರಡನೆಯ ಮಾತಿನಲ್ಲಿ ಹೆಚ್ಚು ಸತ್ಯವಿದೆ. ಗೃಹಜ್ಯೋತಿ ಬಾಡಿಗೆದಾರರನ್ನೂ ಒಳಗೆ ಕರೆದುಕೊಂಡಿತು, ಅದು ದೊಡ್ಡ ವಿಷಯ. ಮನೆ ಯಾರದ್ದೆಂದು ಕೇಳದೆ ಇಲ್ಲಿ ವಾಸ ಇರುವವರು ಯಾರೆಂದು ಕೇಳಿದ ನೆರವು ಅದು. ಆದರೂ ಅದರ ಲೆಕ್ಕ ಮೀಟರಿನದು. ಅಕ್ಕನ ವಠಾರದಲ್ಲಿ ನಾಲ್ಕು ಸಂಸಾರಕ್ಕೆ ಒಂದು ಮೀಟರು. ಒಟ್ಟು ಬಳಕೆ 200 ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಇನ್ನೊಂದು ವ್ಯತ್ಯಾಸವೂ ಇದೆ. ನನ್ನ ತಾರಸಿಯ ಮೇಲಿನದ್ದು ಆಸ್ತಿ. ನಾಳೆ ಸರ್ಕಾರ ಬದಲಾದರೂ ಅದನ್ನು ಯಾರೂ ಬಿಚ್ಚಿಕೊಂಡು ಹೋಗುವುದಿಲ್ಲ. ಬಡವರಿಗೆ ಸಿಕ್ಕಿದ್ದು ತಿಂಗಳು ತಿಂಗಳು ಬರುವ ಕರುಣೆ. ಅದರ ಬಗ್ಗೆ ಟಿವಿಯಲ್ಲಿ ಚರ್ಚೆ ನಡೆಯುತ್ತದೆ, ಬಿಟ್ಟಿಭಾಗ್ಯ ಎಂದು ಹೀಯಾಳಿಸುವವರಿದ್ದಾರೆ. ನನ್ನ 78,000ವನ್ನು ಯಾರೂ ಬಿಟ್ಟಿ ಎನ್ನಲಿಲ್ಲ. ಪರಿಸರ ಕಾಳಜಿ ಇರುವವರು ಎಂದು ಹೊಗಳಿದರು.

ಮೂರನೆಯ ಮಾತು ನನ್ನನ್ನು ಬಹಳ ದಿನ ಸಮಾಧಾನಪಡಿಸಿತ್ತು. ಯಾರಿಂದಲೂ ಕಿತ್ತುಕೊಂಡಿಲ್ಲ ಎಂಬ ಸಮಾಧಾನ. ಆಮೇಲೆ ಒಂದು ದಿನ ಇನ್ವರ್ಟರಿನ ಲೆಕ್ಕ ನೋಡುವಾಗ ಕಂಡಿತು: ಒರೆಸಿದ ಮಾರನೆಯ ದಿನ ಒಂದು ಯೂನಿಟ್ಟು ಹೆಚ್ಚು ಬಂದಿತ್ತು. ಆ ಒಂದು ಯೂನಿಟ್ಟು ಯಾರದು? ನನ್ನ ಬಿಸಿಲಿನಲ್ಲಿ ಅವರ ಕೈಯ ಕೆಲಸ ಸೇರಿದೆ. ಪಾವಗಡದ ಪಾರ್ಕಿನಿಂದ ಜಾಲಕ್ಕೆ ಹರಿದು, ನಮ್ಮೆಲ್ಲರ ಮನೆಯ ದೀಪದಲ್ಲಿ ಬೆರೆತುಹೋಗಿರುವ ಕರೆಂಟಿನಲ್ಲಿ ಅವರು ಬಿಟ್ಟುಬಂದ ಹೊಲದ ಕೂಲಿ ಸೇರಿದೆ. ಕಡಿಮೆ ಮಾಡಿಲ್ಲ ಎನ್ನುವ ಮಾತು ಪೂರ್ತಿ ನಿಜವಲ್ಲ.

ಹೀಗೆ ಮನಸ್ಸು ಚುಚ್ಚಿದಾಗ ನಾವು ಮಾಡುವುದೇನು? ದಾನ ಮಾಡುತ್ತೇವೆ. ನಾನೂ ಮಾಡಿದೆ. ಅಕ್ಕನಿಗೆ ಒಂದು ಸೋಲಾರ್ ದೀಪ ತಂದುಕೊಟ್ಟೆ. ಕೈಯಗಲದ ಫಲಕ, ಒಂದು ಬ್ಯಾಟರಿ, ಎರಡು ಎಲ್ಇಡಿ ಬಲ್ಬು. ಕೊಡುವಾಗ ನನಗೆ ಬಹಳ ಖುಷಿಯಾಯಿತು. ಅವರು ಮಗಳ ಓದಿಗೆ ಆಗುತ್ತದೆ ಎಂದು ತೆಗೆದುಕೊಂಡು ಹೋದರು. ಆರೇಳು ತಿಂಗಳಾದ ಮೇಲೆ ಕೇಳಿದರೆ, ಬ್ಯಾಟರಿ ಕೆಟ್ಟಿತ್ತು. ರಿಪೇರಿಗೆ ಎಲ್ಲಿ ಕೊಡಬೇಕು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನಗೆ ಬೇಜಾರಾಗುತ್ತದೆ ಎಂದು ಹೇಳದೆ ಇದ್ದರು. "ಕರೆಂಟು ಹೆಂಗೂ ಇದೆ ಮೇಡಂ, ದೀಪ ಉರಿಯುತ್ತೆ. ನಮ್ಗೆ ಬೇಕಾಗಿರೋದು ಸೆಕೆ ಕಮ್ಮಿಯಾಗೋದು." ಅಷ್ಟು ದಿನದಲ್ಲಿ ನಿಮಗೇನು ಬೇಕು ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

ಕೇಳಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಶುರುಮಾಡಿದಾಗ ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ನೋಡಿಕೊಳ್ಳಲಾರರು ಎಂಬ ನಂಬಿಕೆ ಗಟ್ಟಿಯಾಗಿತ್ತು. ತಮಗೆ ಪಾಠ ಕಲಿಸಿದವರ ಸಾಲಿನಲ್ಲಿ ಅವರು ಒಬ್ಬ ಬೀದಿ ವ್ಯಾಪಾರಿಯನ್ನು ನೆನೆಯುತ್ತಾರೆ: ತಿಂಗಳಿಗೆ 300 ರೂಪಾಯಿ ಆಕೆಗೆ ದುಬಾರಿ, ದಿನಕ್ಕೆ 10 ರೂಪಾಯಿ ಆಗುತ್ತದೆ. ಗಣಿತದಲ್ಲಿ ಎರಡೂ ಒಂದೇ, ದಿನಗೂಲಿಯ ಬದುಕಿನಲ್ಲಿ ಅಲ್ಲ. ಅದಕ್ಕೆ ತಕ್ಕ ಹಾಗೆ ಕಂತು ಹೊಂದಿಸಿದರು, ಬ್ಯಾಂಕುಗಳನ್ನು ಸಾಲಕ್ಕೆ ಒಪ್ಪಿಸಿದರು, ರಿಪೇರಿಗೆ ಹತ್ತಿರದಲ್ಲೇ ಜನ ಇರುವಂತೆ ನೋಡಿಕೊಂಡರು. ತಳ್ಳುಗಾಡಿಯವರಿಗೆ ಸಂಜೆ ಚಾರ್ಜಾದ ದೀಪವನ್ನು ಬಾಡಿಗೆಗೆ ಕೊಟ್ಟು ರಾತ್ರಿ ವಾಪಸು ತರುವ ಸಣ್ಣ ಉದ್ಯಮಿಗಳನ್ನೂ ಬೆಳೆಸಿದರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ನೆರವಿನ ಅಳತೆಯನ್ನು ತೆಗೆದುಕೊಂಡಿದ್ದು ಪಡೆಯುವವರ ದೇಹದಿಂದ. ನಾನು ನನ್ನ ಅಳತೆಗೆ ಅಂಗಿ ಹೊಲಿಸಿ ಅವರಿಗೆ ತೊಡಿಸಿದ್ದೆ.

ನಮ್ಮ ಶರಣರು ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸ ಮಾಡಿದ್ದು ಇದಕ್ಕೇ ಇರಬೇಕು. ದಾನದಲ್ಲಿ ಕೊಡುವವನು ಮೇಲೆ ನಿಂತಿರುತ್ತಾನೆ; ಯಾವಾಗ, ಎಷ್ಟು, ಏನು ಎಂಬುದು ಅವನ ಇಷ್ಟ. ದಾಸೋಹದಲ್ಲಿ ಕೈಯಲ್ಲಿರುವುದು ತನ್ನದೇ ಅಲ್ಲ, ಸಲ್ಲಬೇಕಾದಲ್ಲಿಗೆ ಸಲ್ಲಿಸುತ್ತಿದ್ದೇನೆ ಎಂಬ ಭಾವವಿದೆ. ಬೇರೆ ಯಾವ ಸಂಪತ್ತಿನ ವಿಷಯದಲ್ಲಿ ಇದನ್ನು ಒಪ್ಪಲು ಕಷ್ಟವಾದರೂ ಬಿಸಿಲಿನ ವಿಷಯದಲ್ಲಿ ಕಷ್ಟವಾಗಬಾರದು. ನಾನು ಬಿಸಿಲನ್ನು ಗಳಿಸಿಲ್ಲ, ಬೆವರು ಸುರಿಸಿ ಬೆಳೆದಿಲ್ಲ. ನನ್ನದೆಂದು ಹೇಳಬಹುದಾದ್ದು ತಾರಸಿ ಮಾತ್ರ. ಸಹಾಯಧನ ಬಂದದ್ದೂ ಎಲ್ಲರ ತೆರಿಗೆಯಿಂದ. ಸೋಪು, ಚಪ್ಪಲಿ, ಬಿಸ್ಕೆಟ್ ಕೊಳ್ಳುವಾಗ ಅಕ್ಕ ಕಟ್ಟುವ ತೆರಿಗೆಯೂ ಅದರಲ್ಲಿದೆ.

ಹಾಗಾದರೆ ತಾರಸಿ ಇಲ್ಲದವರಿಗೆ ಬಿಸಿಲಿನಲ್ಲಿ ಪಾಲು ಕೊಡಲು ಸಾಧ್ಯವೇ? ದಾರಿಗಳಿವೆ. ಶಾಲೆಯ ಮೇಲೋ ಸಮುದಾಯ ಭವನದ ಮೇಲೋ ಫಲಕ ಕೂರಿಸಿ, ಹುಟ್ಟಿದ ಯೂನಿಟ್ಟುಗಳನ್ನು ಹತ್ತಾರು ಮನೆಗಳ ಬಿಲ್ಲಿನಲ್ಲಿ ಪಾಲು ಹಾಕಿ ಕಳೆಯಬಹುದು. ದೆಹಲಿಯಲ್ಲಿ 2019ರಲ್ಲೇ ಇದಕ್ಕೆ ನಿಯಮಗಳಾಗಿವೆ. ಕರೆಂಟಿಗೆ ಯಾವ ತಾರಸಿಯಿಂದ ಬಂದೆ ಎಂಬ ನೆನಪಿರುವುದಿಲ್ಲ; ಪಾಲು ಹಂಚುವುದು ಕಾಗದದ ಕೆಲಸ. ತಂತ್ರಜ್ಞಾನ ಎಂದೋ ಸಿದ್ಧವಾಗಿದೆ. ಮೇಲ್ಮೈ ಇಲ್ಲದವರಿಗೂ ಬಿಸಿಲಿನ ಮೇಲೆ ಹಕ್ಕಿದೆ ಎಂದು ನಾವು ಒಪ್ಪುತ್ತೇವೆಯೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ. ಒಪ್ಪಿದರೆ ಅಕ್ಕನಂಥವರು ಫಲಾನುಭವಿಗಳಾಗುವುದಿಲ್ಲ, ಪಾಲುದಾರರಾಗುತ್ತಾರೆ. ಪಾಲುದಾರರನ್ನು ಯಾರೂ ಬಿಟ್ಟಿ ಎಂದು ಹೀಯಾಳಿಸಲಾರರು.

ಇಷ್ಟೆಲ್ಲ ಯೋಚಿಸಿ ಒಂದು ದಿನ ಅಕ್ಕನ ಹತ್ತಿರ ಹೇಳಿದೆ: ಫಲಕಗಳಿಂದ ತಿಂಗಳಿಗೆ ಉಳಿಯುವ ಹಣದಲ್ಲಿ ಒಂದು ಪಾಲು ನಿಮಗೆ ಕೊಡುತ್ತೇನೆ. ಅವರು ಪೊರಕೆ ಕೆಳಗಿಟ್ಟು ನನ್ನನ್ನೇ ನೋಡಿದರು. "ಎರಡು ವರ್ಷದಿಂದ ಸಂಬಳ ಜಾಸ್ತಿ ಮಾಡಿಲ್ಲ ಮೇಡಂ. ಅದನ್ನ ಮಾಡಿ. ಒರೆಸೋದಕ್ಕೆ ಬೇರೆ ಕೊಡಿ. ಮಧ್ಯದಲ್ಲಿ ಸೂರ್ಯನ ಹೆಸರು ಯಾಕೆ?"

ನನಗೆ ಕೂಡಲೇ ಮಾತು ಹೊರಡಲಿಲ್ಲ. ನ್ಯಾಯವಾಗಿ ಕೊಡಬೇಕಾದ ಕೂಲಿಗೆ ನಾನು ಉದಾರತೆಯ ಹೆಸರಿಡಲು ಹೊರಟಿದ್ದೆ. ಸಂಬಳ ಹೆಚ್ಚಿಸಿದೆ, ಒರೆಸುವುದಕ್ಕೆ ಬೇರೆ ಲೆಕ್ಕ ಮಾಡಿದೆ. ಅದರಿಂದ ಬಿಸಿಲಿನ ಬಾಕಿ ತೀರಿತೆಂದು ಅಂದುಕೊಂಡಿಲ್ಲ. ತೀರಿದ್ದು ಸಂಬಳದ ಬಾಕಿ ಮಾತ್ರ.

ಅಕ್ಕ ಈಗಲೂ ಹದಿನೈದು ದಿನಕ್ಕೊಮ್ಮೆ ಮೇಲೆ ಹತ್ತುತ್ತಾರೆ. ಒರೆಸಿ ಮುಗಿದ ಮೇಲೆ ಫಲಕಗಳ ಕೆಳಗಿನ ನೆರಳಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಾರೆ. ಮನೆಗಿಂತ ಇಲ್ಲೇ ತಂಪು ಎನ್ನುತ್ತಾರೆ. ನಾನು ಕೆಳಗೆ ಬಂದು ಊಟ ಮಾಡಿ ಎಂದು ಕರೆದರೆ ಬರುವುದಿಲ್ಲ. ಒಂದು ದಿನ ನಾನೂ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಹೋಗಿ ಪಕ್ಕದಲ್ಲಿ ಕೂತೆ. ಆರು ಫಲಕದ ನೆರಳು ಇಬ್ಬರಿಗೂ ಸಾಕಾಗುವಷ್ಟಿತ್ತು.